ಐಇಎಲ್‌ಟಿಎಸ್ ಪರೀಕ್ಷಾ ಸಿದ್ಧತೆ

ಐಇಎಲ್‌ಟಿಎಸ್ ಎಂಬುದು ಇಂಗ್ಲಿಷ್ ಮಾತೃಭಾಷೆಯಲ್ಲದವರ ಇಂಗ್ಲಿಷ್ ಪ್ರಾವೀಣ್ಯವನ್ನು ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆ. ‘ಇಂಟರ್‌ನ್ಯಾಷನಲ್ ಇಂಗ್ಲಿಷ್ ಲ್ಯಾಂಗ್ವೇಜ್ ಟೆಸ್ಟಿಂಗ್ ಸಿಸ್ಟಮ್’ ಎಂಬುದು ಇದರ ಪೂರ್ಣ ಹೆಸರು. ವಿದೇಶಗಳಲ್ಲಿ ವ್ಯಾಸಂಗ, ಉದ್ಯೋಗ ಅಥವಾ ವಲಸೆಗೆ ಅರ್ಜಿ ಸಲ್ಲಿಸುವವರು ಈ ಪರೀಕ್ಷೆಯನ್ನು ಬರೆಯುತ್ತಾರೆ. ಆಲಿಸುವಿಕೆ, ಓದು, ಬರವಣಿಗೆ ಮತ್ತು ಮಾತುಗಾರಿಕೆ ಎಂಬ ನಾಲ್ಕು ಕೌಶಲಗಳನ್ನು ಇದರಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಲಾಗುತ್ತದೆ. ಇದರ ಸಿದ್ಧತೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಪರೀಕ್ಷೆಯ ಸ್ವರೂಪ ಮತ್ತು ಮೌಲ್ಯಮಾಪನದ ಕ್ರಮವನ್ನು ತಿಳಿಯುವುದು. ಇದು ಕೆಲವೇ ದಿನಗಳಲ್ಲಿ ಸಾಧ್ಯ. ಎರಡನೆಯದು ಭಾಷೆಯ ಮೇಲಿನ ಹಿಡಿತವನ್ನು ಹೆಚ್ಚಿಸಿಕೊಳ್ಳುವುದು. ಇದಕ್ಕೆ ತಿಂಗಳುಗಳ ಅಭ್ಯಾಸ ಬೇಕು. ಒಂದು ಇನ್ನೊಂದಕ್ಕೆ ಬದಲಿಯಾಗದು.

ಇತಿಹಾಸ

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಸೇರಬಯಸುವ ವಿದೇಶಿ ವಿದ್ಯಾರ್ಥಿಗಳ ಭಾಷಾಜ್ಞಾನವನ್ನು ಅಳೆಯಲು ಬ್ರಿಟಿಷ್ ಕೌನ್ಸಿಲ್ 1960ರ ದಶಕದಿಂದಲೇ ಒಂದು ಪರೀಕ್ಷೆಯನ್ನು ಬಳಸುತ್ತಿತ್ತು. 1980ರಲ್ಲಿ ಅದರ ಸ್ಥಾನಕ್ಕೆ ಇಎಲ್‌ಟಿಎಸ್ ಬಂದಿತು. ಅದನ್ನು ಪರಿಷ್ಕರಿಸಿ 1989ರಲ್ಲಿ ಐಇಎಲ್‌ಟಿಎಸ್ ಆರಂಭಿಸಲಾಯಿತು. ಮೊದಲಿಗೆ ಅಭ್ಯರ್ಥಿಯ ವ್ಯಾಸಂಗ ಕ್ಷೇತ್ರಕ್ಕೆ ಅನುಗುಣವಾಗಿ ಬೇರೆಬೇರೆ ಪ್ರಶ್ನೆಪತ್ರಿಕೆಗಳಿದ್ದವು. 1995ರ ಪರಿಷ್ಕರಣೆಯಲ್ಲಿ ಅವುಗಳ ಬದಲಿಗೆ ಒಂದೇ ಅಕಾಡೆಮಿಕ್ ಪತ್ರಿಕೆಯನ್ನು ತರಲಾಯಿತು. 2007ರಿಂದ ಬರವಣಿಗೆ ಮತ್ತು ಮಾತುಗಾರಿಕೆಯಲ್ಲಿಯೂ ಅರ್ಧ ಬ್ಯಾಂಡ್ ಅಂಕಗಳನ್ನು ನೀಡಲಾಗುತ್ತಿದೆ.

ಪರೀಕ್ಷೆಯ ಒಡೆತನವು ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಡ್ಜ್ ಸಂಸ್ಥೆಗಳಿಗೆ ಜಂಟಿಯಾಗಿ ಸೇರಿದೆ. ಭಾರತದಲ್ಲಿ ಬ್ರಿಟಿಷ್ ಕೌನ್ಸಿಲ್ ಮತ್ತು ಐಡಿಪಿ ಇದನ್ನು ಪ್ರತ್ಯೇಕವಾಗಿ ನಡೆಸುತ್ತಿದ್ದವು. 2021ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ ಭಾರತೀಯ ಐಇಎಲ್‌ಟಿಎಸ್ ವ್ಯವಹಾರವನ್ನು ಐಡಿಪಿ ಖರೀದಿಸಿತು.

ಪರೀಕ್ಷೆಯ ಸ್ವರೂಪ

ಪರೀಕ್ಷೆಯಲ್ಲಿ ಎರಡು ಮುಖ್ಯ ವಿಧಗಳಿವೆ. ಉನ್ನತ ಶಿಕ್ಷಣಕ್ಕೆ ಮತ್ತು ಅನೇಕ ವೃತ್ತಿಗಳ ನೋಂದಣಿಗೆ ಅಕಾಡೆಮಿಕ್ ವಿಧ ಬೇಕಾಗುತ್ತದೆ. ವಲಸೆ ಮತ್ತು ಸಾಮಾನ್ಯ ಉದ್ಯೋಗಕ್ಕೆ ಜನರಲ್ ಟ್ರೈನಿಂಗ್ ವಿಧವನ್ನು ಕೇಳಲಾಗುತ್ತದೆ. ಆಲಿಸುವಿಕೆ ಮತ್ತು ಮಾತುಗಾರಿಕೆ ಎರಡೂ ವಿಧಗಳಲ್ಲಿ ಒಂದೇ ಆಗಿದ್ದು, ಓದು ಮತ್ತು ಬರವಣಿಗೆ ಭಿನ್ನವಾಗಿರುತ್ತವೆ. ತಪ್ಪು ವಿಧಕ್ಕೆ ನೋಂದಾಯಿಸಿಕೊಂಡರೆ ಉತ್ತಮ ಅಂಕ ಬಂದರೂ ಅದು ಅರ್ಜಿಗೆ ಉಪಯೋಗವಾಗದು.

• ಆಲಿಸುವಿಕೆ: ಸುಮಾರು 30 ನಿಮಿಷ, ನಾಲ್ಕು ಭಾಗಗಳು, 40 ಪ್ರಶ್ನೆಗಳು. ಧ್ವನಿಮುದ್ರಣವನ್ನು ಒಮ್ಮೆ ಮಾತ್ರ ಕೇಳಿಸಲಾಗುತ್ತದೆ. ಕಾಗದದ ಪರೀಕ್ಷೆಯಲ್ಲಿ ಉತ್ತರಗಳನ್ನು ಉತ್ತರಪತ್ರಿಕೆಗೆ ಬರೆದುಕೊಳ್ಳಲು ಹೆಚ್ಚುವರಿ 10 ನಿಮಿಷ ಇರುತ್ತದೆ. ಕಂಪ್ಯೂಟರ್ ಪರೀಕ್ಷೆಯಲ್ಲಿ ಉತ್ತರ ಪರಿಶೀಲನೆಗೆ 2 ನಿಮಿಷ ಮಾತ್ರ.
• ಓದು: 60 ನಿಮಿಷ, 40 ಪ್ರಶ್ನೆಗಳು. ಅಕಾಡೆಮಿಕ್ ವಿಧದಲ್ಲಿ ಮೂರು ದೀರ್ಘ ಗದ್ಯಭಾಗಗಳಿರುತ್ತವೆ. ಉತ್ತರ ನಕಲಿಸಲು ಪ್ರತ್ಯೇಕ ಸಮಯವಿಲ್ಲ.
• ಬರವಣಿಗೆ: 60 ನಿಮಿಷ, ಎರಡು ಕಾರ್ಯಗಳು. ಮೊದಲನೆಯದಕ್ಕೆ ಕನಿಷ್ಠ 150 ಪದ, ಎರಡನೆಯದಕ್ಕೆ ಕನಿಷ್ಠ 250 ಪದ.
• ಮಾತುಗಾರಿಕೆ: 11ರಿಂದ 14 ನಿಮಿಷ, ಮೂರು ಭಾಗಗಳು. ಪರೀಕ್ಷಕರೊಂದಿಗೆ ನೇರ ಸಂಭಾಷಣೆ, ಇದನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತದೆ.

ಅಂಕಗಳ ಲೆಕ್ಕಾಚಾರ

ಐಇಎಲ್‌ಟಿಎಸ್‌ನಲ್ಲಿ ಉತ್ತೀರ್ಣ ಅಥವಾ ಅನುತ್ತೀರ್ಣ ಎಂಬುದಿಲ್ಲ. ಪ್ರತಿ ಕೌಶಲಕ್ಕೂ 0ಯಿಂದ 9ರವರೆಗೆ ಅರ್ಧ ಅಂಕದ ಅಂತರದಲ್ಲಿ ಬ್ಯಾಂಡ್ ನೀಡಲಾಗುತ್ತದೆ. ನಾಲ್ಕರ ಸರಾಸರಿಯೇ ಒಟ್ಟು ಬ್ಯಾಂಡ್. ಸರಾಸರಿಯು .25ರಲ್ಲಿ ಕೊನೆಗೊಂಡರೆ ಮುಂದಿನ ಅರ್ಧ ಬ್ಯಾಂಡ್‌ಗೂ .75ರಲ್ಲಿ ಕೊನೆಗೊಂಡರೆ ಮುಂದಿನ ಪೂರ್ಣ ಬ್ಯಾಂಡ್‌ಗೂ ಏರಿಸಲಾಗುತ್ತದೆ.

ಉದಾಹರಣೆಗೆ, ಆಲಿಸುವಿಕೆಯಲ್ಲಿ 7.0, ಓದಿನಲ್ಲಿ 6.5, ಬರವಣಿಗೆಯಲ್ಲಿ 5.5 ಮತ್ತು ಮಾತುಗಾರಿಕೆಯಲ್ಲಿ 6.0 ಪಡೆದವರ ಸರಾಸರಿ 6.25, ಒಟ್ಟು ಬ್ಯಾಂಡ್ 6.5. ಆದರೆ ವಿಶ್ವವಿದ್ಯಾಲಯವು ‘ಒಟ್ಟು 6.5, ಯಾವ ವಿಭಾಗದಲ್ಲಿಯೂ 6.0ಕ್ಕಿಂತ ಕಡಿಮೆ ಇರಬಾರದು’ ಎಂದು ವಿಧಿಸಿದ್ದರೆ ಬರವಣಿಗೆಯ 5.5ರಿಂದಾಗಿ ಈ ಅಭ್ಯರ್ಥಿಯ ಅಂಕ ಸಾಲದು. ಆದ್ದರಿಂದ ಒಟ್ಟು ಬ್ಯಾಂಡ್‌ಗಿಂತ ದುರ್ಬಲ ವಿಭಾಗದತ್ತಲೇ ಸಿದ್ಧತೆಯು ಮೊದಲು ಗಮನ ಹರಿಸಬೇಕಾಗುತ್ತದೆ.

ಆಲಿಸುವಿಕೆಯಲ್ಲಿ 40ಕ್ಕೆ ಸುಮಾರು 23 ಸರಿಯುತ್ತರಗಳಿಗೆ 6, 30ಕ್ಕೆ 7, 35ಕ್ಕೆ 8ರ ಬ್ಯಾಂಡ್ ದೊರೆಯುತ್ತದೆ. ಅಕಾಡೆಮಿಕ್ ಓದಿನಲ್ಲಿಯೂ ಪ್ರಮಾಣ ಹೆಚ್ಚುಕಡಿಮೆ ಇದೇ. ಜನರಲ್ ಟ್ರೈನಿಂಗ್‌ನ ಓದು ಸುಲಭವಾಗಿರುವುದರಿಂದ ಅಲ್ಲಿ 30 ಸರಿಯುತ್ತರಗಳಿಗೆ ಸುಮಾರು 6 ಮಾತ್ರ ಸಿಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ ಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡುವ ಅಗತ್ಯವಿಲ್ಲ.

ಗುರಿಯ ನಿರ್ಧಾರ

ಸಿದ್ಧತೆಯ ಮೊದಲ ಹೆಜ್ಜೆ, ಅರ್ಜಿ ಸಲ್ಲಿಸುವ ಸಂಸ್ಥೆ ಅಥವಾ ಸರ್ಕಾರ ಎಷ್ಟು ಬ್ಯಾಂಡ್ ಕೇಳುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಬ್ರಿಟನ್ನಿನ ನರ್ಸಿಂಗ್ ನಿಯಂತ್ರಣ ಮಂಡಳಿಯು 2018ರ ಕೊನೆಯಲ್ಲಿ ಬರವಣಿಗೆಯ ಕನಿಷ್ಠ ಮಟ್ಟವನ್ನು 7.0ರಿಂದ 6.5ಕ್ಕೆ ಇಳಿಸಿತು, ಉಳಿದ ಮೂರರಲ್ಲಿ 7.0 ಬೇಕೆಂಬ ನಿಯಮವನ್ನು ಉಳಿಸಿಕೊಂಡಿತು. ಆಸ್ಟ್ರೇಲಿಯಾವು 2024ರ ಮಾರ್ಚ್‌ನಲ್ಲಿ ವಿದ್ಯಾರ್ಥಿ ವೀಸಾದ ಸಾಮಾನ್ಯ ಕನಿಷ್ಠ ಮಟ್ಟವನ್ನು 5.5ರಿಂದ 6.0ಕ್ಕೆ ಏರಿಸಿತು. ನಿಯಮಗಳು ಹೀಗೆ ಬದಲಾಗುವುದರಿಂದ ಹಿಂದಿನ ವರ್ಷ ಹೋದವರ ಮಾತಿಗಿಂತ ಆಯಾ ಸಂಸ್ಥೆಯ ಇತ್ತೀಚಿನ ಪ್ರಕಟಣೆಯೇ ಪ್ರಮಾಣ. ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷಗಳವರೆಗೆ ಮಾತ್ರ ಮಾನ್ಯ ಮಾಡಲಾಗುತ್ತದೆ. ಆದ್ದರಿಂದ ತೀರ ಮುಂಚಿತವಾಗಿ ಪರೀಕ್ಷೆ ಬರೆಯುವುದೂ ನಷ್ಟಕ್ಕೆ ಕಾರಣವಾಗಬಹುದು.

ಗುರಿ ತಿಳಿದ ಬಳಿಕ ಒಂದು ಪೂರ್ಣ ಮಾದರಿ ಪರೀಕ್ಷೆಯನ್ನು ನಿಗದಿತ ಸಮಯದಲ್ಲಿ ಬರೆದು ಈಗಿನ ಮಟ್ಟವನ್ನು ಅಳೆದುಕೊಳ್ಳಲಾಗುತ್ತದೆ. ಗುರಿಗೂ ಈ ಮಟ್ಟಕ್ಕೂ ಅರ್ಧ ಬ್ಯಾಂಡ್ ಅಂತರವಿದ್ದರೆ ಸ್ವರೂಪದ ಪರಿಚಯ ಮತ್ತು ಸಮಯದ ಅಭ್ಯಾಸದಿಂದಲೇ ಅದು ತುಂಬಬಹುದು. ಒಂದೂವರೆ ಅಥವಾ ಎರಡು ಬ್ಯಾಂಡ್‌ಗಳ ಅಂತರವಿದ್ದರೆ ಮಾದರಿ ಪ್ರಶ್ನೆಪತ್ರಿಕೆಗಳನ್ನಷ್ಟೇ ಬಿಡಿಸಿ ಪ್ರಯೋಜನವಿಲ್ಲ. ದಿನನಿತ್ಯದ ಓದು, ಬರವಣಿಗೆ ಮತ್ತು ಸಂಭಾಷಣೆಯ ಮೂಲಕ ಭಾಷೆಯನ್ನೇ ಬೆಳೆಸಿಕೊಳ್ಳಬೇಕಾಗುತ್ತದೆ.

ಆಲಿಸುವಿಕೆಯ ಸಿದ್ಧತೆ

ಧ್ವನಿಮುದ್ರಣದಲ್ಲಿ ಬ್ರಿಟಿಷ್, ಆಸ್ಟ್ರೇಲಿಯನ್, ಅಮೆರಿಕನ್ ಮುಂತಾದ ಉಚ್ಚಾರಣೆಗಳು ಕೇಳಿಬರುತ್ತವೆ. ಒಂದೇ ಬಗೆಯ ಇಂಗ್ಲಿಷ್‌ಗೆ ಒಗ್ಗಿದವರು ಬೇರೆಬೇರೆ ದೇಶಗಳ ರೇಡಿಯೊ ವಾರ್ತೆ ಮತ್ತು ಉಪನ್ಯಾಸಗಳನ್ನು ನಿಯಮಿತವಾಗಿ ಕೇಳುವುದು ಉಪಯುಕ್ತ. ಮಾತನಾಡುವವರು ಮೊದಲು ಮಂಗಳವಾರ ಎಂದು, ಬಳಿಕ ತಿದ್ದಿಕೊಂಡು ಗುರುವಾರ ಎನ್ನುವಂತಹ ಸನ್ನಿವೇಶಗಳು ಪದೇಪದೇ ಬರುತ್ತವೆ. ಅಂಥಲ್ಲಿ ಎರಡನೆಯದೇ ಉತ್ತರ. ‘ಎರಡು ಪದಗಳನ್ನು ಮೀರಬಾರದು’ ಎಂಬ ಸೂಚನೆಯಿದ್ದಾಗ ಮೂರು ಪದ ಬರೆದರೆ ಅಂಕ ದೊರೆಯದು. ಕಾಗುಣಿತದ ತಪ್ಪಿಗೂ ಅಂಕ ಹೋಗುತ್ತದೆ. ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತಗಳೆರಡೂ ಸ್ವೀಕಾರಾರ್ಹ.

ಓದಿನ ಸಿದ್ಧತೆ

ಪ್ರತಿ ಗದ್ಯಭಾಗಕ್ಕೆ ಸರಾಸರಿ 20 ನಿಮಿಷ ಮಾತ್ರ ಸಿಗುವುದರಿಂದ ಪ್ರತಿಯೊಂದು ವಾಕ್ಯವನ್ನು ಮನಸ್ಸಿನಲ್ಲಿ ಅನುವಾದಿಸಿಕೊಂಡು ಓದುವ ಅಭ್ಯಾಸ ತೊಡಕಾಗುತ್ತದೆ. ಅನೇಕರು ಎಡವುವುದು ‘ಸರಿ, ತಪ್ಪು, ಹೇಳಿಲ್ಲ’ ಎಂಬ ಬಗೆಯ ಪ್ರಶ್ನೆಗಳಲ್ಲಿ. ಗದ್ಯದಲ್ಲಿ ‘ಗ್ರಂಥಾಲಯವು ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ 8ರ ತನಕ ತೆರೆದಿರುತ್ತದೆ’ ಎಂದಿದೆ ಎಂದುಕೊಳ್ಳೋಣ. ‘ಬುಧವಾರ ಗ್ರಂಥಾಲಯ ಸಂಜೆ 6ಕ್ಕೆ ಮುಚ್ಚುತ್ತದೆ’ ಎಂಬ ಹೇಳಿಕೆಯು ಗದ್ಯಕ್ಕೆ ವಿರುದ್ಧವಾದುದರಿಂದ ತಪ್ಪು. ‘ಭಾನುವಾರ ಗ್ರಂಥಾಲಯಕ್ಕೆ ರಜೆ’ ಎಂಬುದನ್ನು ಗದ್ಯವು ಸಮರ್ಥಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಆದ್ದರಿಂದ ಉತ್ತರ ‘ಹೇಳಿಲ್ಲ’. ಸ್ವಂತ ತಿಳಿವಳಿಕೆಯಿಂದ ಊಹಿಸುವವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಬರವಣಿಗೆಯ ಸಿದ್ಧತೆ

ಬರವಣಿಗೆಯನ್ನು ಸಮಾನ ತೂಕದ ನಾಲ್ಕು ಮಾನದಂಡಗಳಿಂದ ಅಳೆಯಲಾಗುತ್ತದೆ: ಪ್ರಶ್ನೆಗೆ ನೀಡಿದ ಉತ್ತರದ ಪೂರ್ಣತೆ, ವಿಚಾರಗಳ ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ನಿಖರತೆ. ಎರಡನೆಯ ಕಾರ್ಯಕ್ಕೆ ಮೊದಲನೆಯದರ ಎರಡರಷ್ಟು ಮಹತ್ವವಿದೆ. ಹಾಗಾಗಿ ಮೊದಲನೆಯದಕ್ಕೆ 20, ಎರಡನೆಯದಕ್ಕೆ 40 ನಿಮಿಷ ವಿನಿಯೋಗಿಸಲು ಪ್ರಶ್ನೆಪತ್ರಿಕೆಯೇ ಸೂಚಿಸುತ್ತದೆ.

ಅಕಾಡೆಮಿಕ್ ವಿಧದ ಮೊದಲ ಕಾರ್ಯದಲ್ಲಿ ನಕ್ಷೆ, ಕೋಷ್ಟಕ ಅಥವಾ ಪ್ರಕ್ರಿಯೆಯ ಚಿತ್ರವನ್ನು ವಿವರಿಸಬೇಕು. ಮುಖ್ಯ ಪ್ರವೃತ್ತಿಯನ್ನು ಗುರುತಿಸಿ ಹೋಲಿಸಬೇಕೇ ಹೊರತು ಕಾರಣಗಳನ್ನು ಊಹಿಸಬಾರದು. ಜನರಲ್ ಟ್ರೈನಿಂಗ್‌ನಲ್ಲಿ ಇದರ ಬದಲಿಗೆ ಪತ್ರ ಬರೆಯಬೇಕಾಗುತ್ತದೆ. ಎರಡನೆಯ ಕಾರ್ಯ ಪ್ರಬಂಧ. ಕೆಲವು ತರಬೇತಿಗಳಲ್ಲಿ ಯಾವ ವಿಷಯಕ್ಕೂ ಹೊಂದುವ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡಿಸುವ ರೂಢಿಯಿದೆ. ಕಂಠಪಾಠದ ಭಾಗಗಳನ್ನು ಗುರುತಿಸಲು ಪರೀಕ್ಷಕರಿಗೆ ತರಬೇತಿ ಇರುತ್ತದೆ. ಅಂಥ ವಾಕ್ಯಗಳು ಬ್ಯಾಂಡನ್ನು ಹೆಚ್ಚಿಸುವ ಬದಲು ತಗ್ಗಿಸುತ್ತವೆ. ಈ ಭಾಗದಲ್ಲಿ ಅತಿ ಹೆಚ್ಚು ಫಲ ಕೊಡುವುದು ಬರೆದುದನ್ನು ಬಲ್ಲವರಿಂದ ತಿದ್ದಿಸಿಕೊಂಡು ಅದೇ ಪ್ರಬಂಧವನ್ನು ಮತ್ತೆ ಬರೆಯುವ ಅಭ್ಯಾಸ.

ಮಾತುಗಾರಿಕೆಯ ಸಿದ್ಧತೆ

ಮೊದಲ ಭಾಗದಲ್ಲಿ ಊರು, ಕೆಲಸ, ಹವ್ಯಾಸಗಳಂತಹ ಪರಿಚಿತ ವಿಷಯಗಳ ಪ್ರಶ್ನೆಗಳಿರುತ್ತವೆ. ಎರಡನೆಯದರಲ್ಲಿ ವಿಷಯದ ಚೀಟಿ ನೀಡಿ ಒಂದು ನಿಮಿಷ ಯೋಚಿಸಲು, ಅನಂತರ ಒಂದೆರಡು ನಿಮಿಷ ನಿರಂತರವಾಗಿ ಮಾತನಾಡಲು ಅವಕಾಶವಿರುತ್ತದೆ. ಮೂರನೆಯದು ಅದೇ ವಿಷಯದ ವಿಸ್ತೃತ ಚರ್ಚೆ. ನಿರರ್ಗಳತೆ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣ ಹಾಗೂ ಉಚ್ಚಾರಣೆ ಇಲ್ಲಿನ ಮಾನದಂಡಗಳು. ಅಭಿಪ್ರಾಯ ಸರಿಯೇ ತಪ್ಪೇ ಎಂಬುದನ್ನು ಪರೀಕ್ಷಕರು ನೋಡುವುದಿಲ್ಲ. ತನ್ನ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳುವುದು ಖರ್ಚಿಲ್ಲದ ಅಭ್ಯಾಸಕ್ರಮ.

ಕನ್ನಡ ಭಾಷಿಕರಿಗೆ ಎದುರಾಗುವ ತೊಡಕುಗಳು

ಮಾತೃಭಾಷೆಯ ರಚನೆಯು ಎರಡನೆಯ ಭಾಷೆಯ ಮೇಲೆ ಪ್ರಭಾವ ಬೀರುವುದು ಸಹಜ. ಇಂಗ್ಲಿಷಿನ ‘ಎ’, ‘ಆ್ಯನ್’, ‘ದಿ’ಗಳಿಗೆ ಸಮನಾದ ಉಪಪದಗಳು ಕನ್ನಡದಲ್ಲಿಲ್ಲ. ಆದ್ದರಿಂದ ಅವುಗಳನ್ನು ಬಿಡುವುದು ಅಥವಾ ಬೇಡದ ಕಡೆ ಸೇರಿಸುವುದು ಸಾಮಾನ್ಯ ದೋಷ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ನಾಮಪದದ ಕೊನೆಗೆ ಅಂಟಿಕೊಂಡರೆ ಇಂಗ್ಲಿಷಿನಲ್ಲಿ ಪೂರ್ವಸರ್ಗಗಳು ನಾಮಪದದ ಮುಂದೆ ಬೇರೆಯಾಗಿ ನಿಲ್ಲುತ್ತವೆ. ‘ಇನ್’, ‘ಆನ್’, ‘ಅಟ್’ಗಳ ಗೊಂದಲಕ್ಕೆ ಇದೂ ಒಂದು ಕಾರಣ. ‘ಚರ್ಚಿಸು’ ಎಂಬರ್ಥದ ‘ಡಿಸ್ಕಸ್’ ಪದದ ಮುಂದೆ ‘ಅಬೌಟ್’ ಸೇರಿಸುವುದು ‘ಅದರ ಬಗ್ಗೆ’ ಎಂಬ ಪ್ರಯೋಗಕ್ಕೆ ಹೊಂದುತ್ತದೆಯಾದರೂ ಇಂಗ್ಲಿಷಿನಲ್ಲಿ ದೋಷವೆನಿಸುತ್ತದೆ.

ಉಚ್ಚಾರಣೆಯಲ್ಲಿ, ಬಸ್ಸು, ಬ್ಯಾಂಕು ಎಂಬಂತೆ ಪದದ ಕೊನೆಗೆ ಸ್ವರ ಸೇರಿಸುವುದು ಮತ್ತು ‘ಎ’ಕಾರದಿಂದ ಆರಂಭವಾಗುವ ಪದಗಳನ್ನು ‘ಯೆ’ಕಾರದಿಂದ ನುಡಿಯುವುದು ಕಂಡುಬರುತ್ತವೆ. ಇಂಗ್ಲಿಷಿನ ಎರಡು ಪ್ರತ್ಯೇಕ ಧ್ವನಿಗಳಿಗೆ ಕನ್ನಡದಲ್ಲಿ ‘ವ’ ಒಂದೇ ಇರುವುದರಿಂದ ‘ವೈನ್’ (ದ್ರಾಕ್ಷಾರಸ) ಮತ್ತು ‘ವೈನ್’ (ಬಳ್ಳಿ) ಒಂದೇ ರೀತಿ ಕೇಳಿಸುತ್ತವೆ. ಭಾರತೀಯ ಉಚ್ಚಾರಣೆ ಇದೆ ಎಂಬ ಕಾರಣಕ್ಕೆ ಅಂಕ ಕಡಿತವಾಗುವುದಿಲ್ಲ. ಮಾತು ಕೇಳುಗರಿಗೆ ಸ್ಪಷ್ಟವಾಗಿ ಅರ್ಥವಾಗಬೇಕೆಂಬುದೇ ಅಪೇಕ್ಷೆ. ಹಾಗಾಗಿ ಕೃತಕವಾಗಿ ವಿದೇಶಿ ಧಾಟಿಯನ್ನು ಅನುಕರಿಸುವುದಕ್ಕಿಂತ ಪದಗಳ ಒತ್ತು ಮತ್ತು ವಾಕ್ಯದ ಏರಿಳಿತಗಳನ್ನು ಸರಿಪಡಿಸಿಕೊಳ್ಳುವುದು ಲಾಭದಾಯಕ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವ್ಯಾಕರಣ ತಿಳಿದಿದ್ದರೂ ಮಾತನಾಡುವ ರೂಢಿ ಕಡಿಮೆಯಿರಬಹುದು. ಅವರ ಸಿದ್ಧತೆಯಲ್ಲಿ ಸಂಭಾಷಣೆಗೆ ಹೆಚ್ಚು ಸಮಯ ಬೇಕಾಗುತ್ತದೆ.

ಪರೀಕ್ಷೆಯ ದಿನ ಮತ್ತು ಅನಂತರ

ಭಾರತದಲ್ಲಿ ಪರೀಕ್ಷೆಗೆ ಪಾಸ್‌ಪೋರ್ಟ್ ಕಡ್ಡಾಯ ಗುರುತಿನ ದಾಖಲೆ. ನೋಂದಣಿಯಲ್ಲಿ ನೀಡಿದ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಮಾತುಗಾರಿಕೆಯ ಪರೀಕ್ಷೆ ಅದೇ ದಿನ ಅಥವಾ ಹಿಂದುಮುಂದಿನ ಒಂದು ವಾರದೊಳಗೆ ಬೇರೊಂದು ದಿನ ನಡೆಯಬಹುದು.

ಫಲಿತಾಂಶ ಸಮಾಧಾನಕರವಾಗಿಲ್ಲದಿದ್ದರೆ ಪರೀಕ್ಷೆಯ ದಿನದಿಂದ ಆರು ವಾರಗಳೊಳಗೆ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ಬ್ಯಾಂಡ್ ಹೆಚ್ಚಿದರೆ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ. ಕಂಪ್ಯೂಟರ್ ಪರೀಕ್ಷೆ ಬರೆದವರಿಗೆ ಒಂದು ಕೌಶಲವನ್ನು ಮಾತ್ರ 60 ದಿನಗಳೊಳಗೆ ಮತ್ತೆ ಬರೆಯುವ ಅವಕಾಶವನ್ನು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಕಲ್ಪಿಸಲಾಗಿದೆ. ಆದರೆ ಇಂತಹ ಫಲಿತಾಂಶವನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಅಗತ್ಯ.

ಅಂಕಪಟ್ಟಿಯ ನೈಜತೆಯನ್ನು ಸ್ವೀಕರಿಸುವ ಸಂಸ್ಥೆಗಳು ಆನ್‌ಲೈನಿನಲ್ಲಿ ಪರಿಶೀಲಿಸಬಲ್ಲವು. ಪರೀಕ್ಷೆ ಬರೆಯದೆ ಅಂಕಪಟ್ಟಿ ಕೊಡಿಸುವುದಾಗಿ ಅಥವಾ ಪ್ರಶ್ನೆಪತ್ರಿಕೆ ಮುಂಚಿತವಾಗಿ ನೀಡುವುದಾಗಿ ಹಣ ಕೇಳುವವರನ್ನು ನಂಬಿದವರು ಹಣದ ಜೊತೆಗೆ ಪ್ರವೇಶ ಮತ್ತು ವೀಸಾಗಳನ್ನೂ ಕಳೆದುಕೊಳ್ಳುವ ಅಪಾಯವಿದೆ.

ಇತರ ಪರೀಕ್ಷೆಗಳು

ಇದೇ ಉದ್ದೇಶದ ಇತರ ಪರೀಕ್ಷೆಗಳಲ್ಲಿ ಅಮೆರಿಕದ ಇಟಿಎಸ್ ಸಂಸ್ಥೆಯ ಟೋಫೆಲ್, ಪಿಯರ್ಸನ್ ಸಂಸ್ಥೆಯ ಪಿಟಿಇ ಅಕಾಡೆಮಿಕ್ ಮತ್ತು ಆರೋಗ್ಯ ವೃತ್ತಿಯವರಿಗಾಗಿ ರೂಪಿಸಿದ ಒಇಟಿ ಪ್ರಮುಖವಾದವು. ಪಿಟಿಇಯಲ್ಲಿ ಮಾತುಗಾರಿಕೆಯನ್ನೂ ಕಂಪ್ಯೂಟರಿನ ಮುಂದೆಯೇ ಪರೀಕ್ಷಿಸಲಾಗುತ್ತದೆ. ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಅರ್ಜಿ ಸ್ವೀಕರಿಸುವ ಸಂಸ್ಥೆಯ ಮಾನ್ಯತೆಯನ್ನೂ ಅಭ್ಯರ್ಥಿಯ ಅನುಕೂಲವನ್ನೂ ಅವಲಂಬಿಸಿದೆ.