ಬಂದ ರೇಟಿಗೆ ಕೊಡಿ

"ಮಾರ್ಕೆಟಿಗೆ ಹಾಕ್ಲಿಕ್ಕಾ, ರೇಟು ಹೇಳ್ತೀರಾ?" ಉಡುಪಿಯಲ್ಲಿ ಶೇರು ಬ್ರೋಕರೊಬ್ಬರ ಆಫೀಸಿನಲ್ಲಿ ಫೋನಿನ ಪಕ್ಕ ಕೂತು ನಾನು ದಿನವಿಡೀ ಕೇಳುತ್ತಿದ್ದ ಪ್ರಶ್ನೆ ಇದು. ಆ ಕಡೆ ಕಾರ್ಕಳದ ನಿವೃತ್ತ ಮಾಸ್ಟ್ರಿರಲಿ, ಮಣಿಪಾಲದ ಬ್ಯಾಂಕ್ ನೌಕರರಿರಲಿ, ಹೆಚ್ಚಿನವರ ಉತ್ತರ ಒಂದೇ: "ಬಂದ ರೇಟಿಗೆ ಕೊಡಿ ಮಾರಾಯ್ರೆ."

ನಮ್ಮೂರಿಗೆ ಶೇರಿನ ರುಚಿ ಹತ್ತಿದ್ದು ಬ್ಯಾಂಕುಗಳಿಂದ. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ಎರಡೂ ಉಡುಪಿಯಲ್ಲೇ ಹುಟ್ಟಿದವು. 1997ರಲ್ಲಿ ಕಾರ್ಪೊರೇಶನ್ ಬ್ಯಾಂಕ್ 80 ರೂಪಾಯಿಗೆ, 1999ರಲ್ಲಿ ಸಿಂಡಿಕೇಟ್ ಬ್ಯಾಂಕ್ 10 ರೂಪಾಯಿಗೆ ಶೇರು ಕೊಟ್ಟಾಗ, ಅದುವರೆಗೆ ಶೇರೆಂದರೆ ಜುಗಾರಿ ಎನ್ನುತ್ತಿದ್ದವರೂ ಅರ್ಜಿ ತುಂಬಿದರು. ನಮ್ಮ ಬ್ಯಾಂಕಲ್ಲವಾ!

ಅದಕ್ಕೂ ಹಿಂದೆ ಆರ್ಡರೆಂದರೆ ಮುಂಬೈಗೆ ಟ್ರಂಕ್ ಕಾಲ್, ಆಮೇಲೆ ಎಸ್‌ಟಿಡಿ. ದಲಾಲ್ ಸ್ಟ್ರೀಟಿನ ರಿಂಗಿನಲ್ಲಿ ಯಾರೋ ಕೂಗಿ ಮಾರುತ್ತಿದ್ದರು. ಯಾವ ರೇಟಿಗೆ ಹೋಯಿತೆಂದು ಖಚಿತವಾಗುವುದು ಕಾಂಟ್ರ್ಯಾಕ್ಟ್ ನೋಟು ಅಂಚೆಯಲ್ಲಿ ಬಂದ ಮೇಲೆ. ಹೊತ್ತಿನ ಲೆಕ್ಕವಿಲ್ಲದ್ದರಿಂದ ಆ ದಿನದ ರೇಟುಗಳಲ್ಲಿ ನಿಮಗೆ ಸಿಕ್ಕಿದ್ದು ಕಡಿಮೆಯದ್ದೇ ಯಾಕೆ ಎಂದು ಕೇಳುವಂತಿರಲಿಲ್ಲ. 1994ರ ನವೆಂಬರಿನಲ್ಲಿ ಎನ್‌ಎಸ್‌ಇ, ಮರುವರ್ಷ ಬಿಎಸ್‌ಇ ಪರದೆಯ ವ್ಯಾಪಾರಕ್ಕೆ ಬಂದವು. ಪ್ರತಿ ಆರ್ಡರಿಗೂ ಹೊತ್ತಿನ ಮುದ್ರೆ ಬಿತ್ತು. ನನ್ನ ಮಟ್ಟಿಗೆ ಡಿಮ್ಯಾಟಿಗಿಂತ ದೊಡ್ಡ ಬದಲಾವಣೆ ಇದೇ.

ಪರದೆಯಲ್ಲಿ ಐದು ಸಾಲು ಕೊಳ್ಳುವವರು, ಐದು ಸಾಲು ಮಾರುವವರು. ಉದಾಹರಣೆಗೆ 62ಕ್ಕೆ 100, 61.50ಕ್ಕೆ 150, 60ಕ್ಕೆ 250 ಶೇರು ಬೇಕೆನ್ನುವವರಿದ್ದಾರೆ ಅನ್ನಿ. ನೀವು 500 ಶೇರನ್ನು ಮಾರ್ಕೆಟಿಗೆ ಹಾಕಿದರೆ ಅದು ಮೇಲಿನ ಸಾಲು ಮುಗಿಸಿ ಕೆಳಗಿನದಕ್ಕೆ ಇಳಿಯುತ್ತಾ ಹೋಗುತ್ತದೆ. ಸರಾಸರಿ ಸಿಗುವುದು 60.85. "62 ಅಂತ ಹೇಳಿದ್ದಿರಲ್ಲ?" ಎಂದು ಜಗಳಕ್ಕೆ ಬರುತ್ತಿದ್ದವರಿಗೆಲ್ಲ ನಾನು ಇದನ್ನೇ ಚೀಟಿಯ ಹಿಂದೆ ಬರೆದು ತೋರಿಸುತ್ತಿದ್ದೆ. 62ಕ್ಕೇ ಬೇಕೆಂದರೆ ಲಿಮಿಟ್ ಹಾಕಬೇಕು. ಆಗ 100 ಶೇರು ಹೋಗಿ 400 ಕೈಯಲ್ಲೇ ಉಳಿಯಬಹುದು.

ಕೊಳ್ಳುವವರ ಸಾಲು ತೆಳ್ಳಗಿದ್ದರೆ ಎಂತಾಗುತ್ತದೆಂದು 2012ರ ಅಕ್ಟೋಬರ್ 5ರಂದು ದೇಶವೇ ನೋಡಿತು. ಒಂದು ಬ್ರೋಕರ್ ಕಚೇರಿಯಿಂದ ತಪ್ಪಿ ಹೋದ 59 ಆರ್ಡರು, ಒಟ್ಟು 650 ಕೋಟಿ ರೂಪಾಯಿಗೂ ಮೇಲೆ. ಎದುರಿದ್ದ ಸಾಲುಗಳನ್ನೆಲ್ಲ ನುಂಗಿ ನಿಫ್ಟಿ ಕ್ಷಣಗಳಲ್ಲಿ 900 ಅಂಶದಷ್ಟು ಕುಸಿಯಿತು, ವಹಿವಾಟು ನಿಂತಿತು.

ಕಾಪು ಕಡೆಯವರಿಗೆ ಮಾತ್ರ ಬಂದ ರೇಟಿಗೆ ಕೊಡುವುದು ಹೊಸತಲ್ಲ. ಶಂಕರಪುರದ ಮಲ್ಲಿಗೆಯ ವ್ಯಾಪಾರ ನಡೆಯುವುದೇ ಹಾಗೆ. ಬೆಳ್ಳಂಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಾಕಿ ಕೊಟ್ಟುಬಿಡುತ್ತಾರೆ. ಕೊಡುವವರು ಚೌಕಾಸಿ ಮಾಡುವುದಿಲ್ಲ. ಸಂಜೆಗೆ ಅರಳುವ ಹೂವನ್ನು ನಾಳೆಗೆ ಇಟ್ಟುಕೊಂಡು ಮಾಡುವುದೆಂತ? ಮದುವೆ, ನೇಮ, ಮುಂಬೈಯ ಬೇಡಿಕೆ ನೋಡಿ ಆ ದಿನದ ದರ ನಿಲ್ಲುತ್ತದೆ. ಈಚೆಗೆ ಅಟ್ಟೆಗೆ 2,100 ರೂಪಾಯಿ ಮುಟ್ಟಿದ್ದೂ ಉಂಟು, ಮಳೆಗಾಲದಲ್ಲಿ ನೆಲಕಚ್ಚುವುದೂ ಉಂಟು. ಆದರೆ ಎರಡು ಚೆಂಡು ಕೊಟ್ಟ ಹೆಂಗಸಿಗೂ ಇಪ್ಪತ್ತು ಅಟ್ಟೆ ಕೊಟ್ಟವರಿಗೂ ಅಂದು ಅದೇ ದರ. ಪರದೆಯ ಮಾರ್ಕೆಟ್ ಆರ್ಡರಿನಲ್ಲಿ ಈ ನ್ಯಾಯವಿಲ್ಲ: ಅಲ್ಲಿ ಒಂದೇ ನಿಮಿಷದಲ್ಲಿ ಮಾರಿದ ಇಬ್ಬರಿಗೆ ಎರಡು ರೇಟು ಸಿಗಬಹುದು.

ಹೊಸಬರು ಕೇಳಿದರೆ ನಾನು ಬೆಳಗಿನ ಪ್ರಿ-ಓಪನ್ ಹೊತ್ತನ್ನು ತೋರಿಸುತ್ತೇನೆ. 2010ರ ಅಕ್ಟೋಬರಿನಲ್ಲಿ ಶುರುವಾದ ಈ ಏರ್ಪಾಟಿನಲ್ಲಿ 9 ಗಂಟೆಯಿಂದ ಕೆಲವು ನಿಮಿಷ ಆರ್ಡರುಗಳನ್ನು ಒಟ್ಟುಹಾಕಿ, ಅತಿ ಹೆಚ್ಚು ಶೇರು ಕೈಬದಲಾಗುವ ಒಂದು ದರ ಹಿಡಿದು, ಹೊಂದಿಕೆಯಾದ ಎಲ್ಲರಿಗೂ ಅದೇ ದರ ಕೊಡುತ್ತಾರೆ. ದಲಾಲ್ ಸ್ಟ್ರೀಟು ಶಂಕರಪುರದ ಹತ್ತಿರಕ್ಕೆ ಬರುವುದು ಅಷ್ಟು ಹೊತ್ತು ಮಾತ್ರ. 9:15ಕ್ಕೆ ಮತ್ತೆ ಸಾಲಿನ ವ್ಯಾಪಾರ.