ಎಂಜಿನ್ನನ್ನು ಸಡಿಲ ಬಿಟ್ಟು ಗೆದ್ದವರು

ಹಳೇ ಕಾರು ಕೊಂಡ ಹಲವರಿಗೆ ಮೊದಲ ಆಸೆ, ಅಲ್ಲಾಡೋ ಎಂಜಿನ್ನನ್ನು ಬಿಗಿ ಮಾಡಿಸೋದು. ರಬ್ಬರ್ ಮೌಂಟ್ ತೆಗೆಸಿ ಗಟ್ಟಿ ಪಾಲಿಯುರೆಥೇನ್ ಹಾಕಿಸ್ತಾರೆ. ಎಂಜಿನ್ ಸುಮ್ಮನಾಗುತ್ತೆ, ಸರಿ. ಆದರೆ ಡ್ಯಾಶ್‌ಬೋರ್ಡು, ಸ್ಟೀರಿಂಗು, ಕೂತವರ ಹಲ್ಲು ಎಲ್ಲಾ ನಡುಗೋಕೆ ಶುರು.

ಇದು ಹಳೇ ಕಥೆ. 1920ರ ದಶಕದ ಬಹಳಷ್ಟು ಕಾರುಗಳಲ್ಲಿ ಎಂಜಿನ್ನನ್ನು ಚಾಸಿಗೇ ನೇರ ಬೋಲ್ಟ್ ಹಾಕಿ ಕೂರಿಸುತ್ತಿದ್ದರು. ನಾಲ್ಕು ಸಿಲಿಂಡರಿನ ಹೊಡೆತವೆಲ್ಲ ಸೀಟಿಗೆ ಬರುತ್ತಿತ್ತು. ನಯವಾದ ಓಟ ಬೇಕಿದ್ದರೆ ಆರೋ ಎಂಟೋ ಸಿಲಿಂಡರಿಗೆ ದುಡ್ಡು ಸುರಿಯಬೇಕಿತ್ತು.

1931. ಅಮೆರಿಕದಲ್ಲಿ ಆರ್ಥಿಕ ಕುಸಿತ, ಜನರ ಕೈಯಲ್ಲಿ ಕಾಸಿಲ್ಲ. ಆಗ ಕ್ರೈಸ್ಲರ್ ಕಂಪನಿ ತನ್ನ ಅಗ್ಗದ ಪ್ಲಿಮತ್ ಪಿಎ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ತಂದಿತು. ಮುಂದುಗಡೆ ಎತ್ತರದಲ್ಲೊಂದು, ಹಿಂದುಗಡೆ ತಗ್ಗಿನಲ್ಲೊಂದು ರಬ್ಬರ್ ಮೌಂಟ್. ಎರಡನ್ನೂ ಸೇರಿಸುವ ಗೆರೆ ಎಂಜಿನ್ನಿನ ಗುರುತ್ವಕೇಂದ್ರದ ಮೂಲಕ ಹಾಯುತ್ತಿತ್ತು. ಆ ಗೆರೆಯ ಸುತ್ತ ಎಂಜಿನ್ ತೂಗಾಡಲಿ, ಅತಿಯಾದರೆ ತಡೆಯೋಕೆ ಪಕ್ಕದಲ್ಲೊಂದು ಪಟ್ಟಿ ಸ್ಪ್ರಿಂಗ್ ಇರಲಿ ಅನ್ನೋ ಲೆಕ್ಕ. ಮರುವರ್ಷ ಫ್ರಾನ್ಸಿನ ಸಿತ್ರೋಯೆನ್ ಇದರ ಹಕ್ಕು ಪಡೆದು ತನ್ನ ಕಾರುಗಳಿಗೂ ಹಾಕಿತು. ಗುರುತಿಗೆ ಈಜುವ ಹಂಸದ ಚಿತ್ರ ಇಟ್ಟಿತು.

ಕರುವನ್ನು ತೀರಾ ಗಿಡ್ಡ ಹಗ್ಗಕ್ಕೆ ಕಟ್ಟಿದರೆ ಗೂಟವನ್ನೇ ಅಲ್ಲಾಡಿಸುತ್ತೆ. ಎಂಜಿನ್ನೂ ಅಷ್ಟೇ. ರೇಸ್ ಕಾರಿಗೆ ಬಿಗಿ ಬೇಕಾಗಬಹುದು. ಮನೆಮಂದಿ ಕೂರೋ ಹಳೇ ಕಾರಿಗೆ ಮೌಂಟ್ ಬಲಪಡಿಸೋದು ಅಂದರೆ, ಬಿರುಕು ಬಿಟ್ಟ, ಆಯಿಲ್ ಕುಡಿದು ಮೆತ್ತಗಾದ ರಬ್ಬರ್ ಕಿತ್ತು, ಮೊದಲಿದ್ದಷ್ಟೇ ಗಡಸಾದ ಹೊಸದನ್ನು ಹಾಕಿಸೋದು.