ಕ್ಯಾಮೆರಾ ಜೊತೆಗೆ ಬಂದ ಲೆನ್ಸು

‘ಬಾಡಿ ಮಾತ್ರ ಕೊಡಿ, ಕಿಟ್ ಲೆನ್ಸ್ ಬೇಡ.’ ಪಾಂಡವಪುರದಿಂದಲೋ ಕೆ.ಆರ್. ಪೇಟೆಯಿಂದಲೋ ಮೈಸೂರಿನ ಕ್ಯಾಮೆರಾ ಅಂಗಡಿಗೆ ಬರುವ ಹೊಸ ಹುಡುಗರ ಬಾಯಲ್ಲಿ ಈಗ ಇದೇ ಮಾತು. ಸಾಲ ಮಾಡಿ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುತ್ತಾರೆ, ಮಿಕ್ಕ ದುಡ್ಡನ್ನು 85 ಎಂಎಂ ಎಫ್/1.4ರಂಥ ಲೆನ್ಸಿಗೆ ಸುರಿಯುತ್ತಾರೆ. ಹಿನ್ನೆಲೆ ಬೆಣ್ಣೆಯಂತೆ ಕರಗಿದರೇ ಅದು ಫೋಟೋ ಎಂಬ ನಂಬಿಕೆ ಪ್ರೀ-ವೆಡ್ಡಿಂಗ್ ಶೂಟುಗಳ ಜೊತೆ ಬಂದು ಊರೂರಲ್ಲೂ ಬೇರುಬಿಟ್ಟಿದೆ. ಕ್ಯಾಮೆರಾ ಜೊತೆಗೆ ಬಂದರೂ ಆ ಅಗ್ಗದ ಝೂಮ್ ಲೆನ್ಸು ಸೀಲು ಒಡೆಯದೆಯೇ ಸೆಕೆಂಡ್ ಹ್ಯಾಂಡ್ ಪೇಟೆಗೆ ಹೋಗಿಬಿಡುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಕ್ಯಾಮೆರಾ ಹಿಡಿದು ಬಹಳ ಕಾಲ ಸುತ್ತಿದವರಿಗೆ ಇದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಇಲ್ಲಿ ಕರಗಿಸಬಾರದ್ದೇ ಹಿನ್ನೆಲೆ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತ ಅಜ್ಜಿಯ ಹಿಂದಿನ ಮಂಟಪ ಮಸುಕಾದರೆ ಆ ಚಿತ್ರ ಯಾವ ಊರಿನದೂ ಆಗಬಹುದು.

ಈ ಭಾಗದ ಗುಡಿ, ಕಲ್ಲು, ಜನರನ್ನು ಕ್ಯಾಮೆರಾ ನೋಡಿದ ಕಥೆಯ ಮೊದಲ ಅಧ್ಯಾಯವನ್ನು ಬೇಗ ಹೇಳಿ ಮುಗಿಸಬಹುದು. 1850ರ ದಶಕದಲ್ಲಿ ಕಂಪನಿ ಸರಕಾರದ ಕೆಲಸದಲ್ಲಿದ್ದ ಬಿಗ್ಸ್, ಪಿಗೌ ಮೊದಲಾದವರು ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಬಂದವು. ಬೇಲೂರು, ಹಳೇಬೀಡು ಜಗತ್ತಿಗೆ ಕಂಡವು, ಕೆ.ಆರ್. ಪೇಟೆಯ ಕಡೆ ಯಾರೂ ಹೊರಳಲಿಲ್ಲ. ಆಮೇಲೆ ಬಂದ ಮೈಸೂರು ಪುರಾತತ್ವ ಇಲಾಖೆ ನಿಜವಾದ ಕೆಲಸ ಮಾಡಿತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 3ನೇ ಸಂಪುಟ 1894ರಲ್ಲಿ, 4ನೇ ಸಂಪುಟ 1898ರಲ್ಲಿ ಈ ಸೀಮೆಯ ಶಾಸನಗಳನ್ನು ಓದಿಕೊಟ್ಟವು. ಆರ್. ನರಸಿಂಹಾಚಾರ್, ಮುಂದೆ ಎಂ.ಎಚ್. ಕೃಷ್ಣ ಹೊರತಂದ ವಾರ್ಷಿಕ ವರದಿಗಳಲ್ಲಿ ಸಣ್ಣ ಊರುಗಳ ಗುಡಿಗಳಿಗೂ ಫೋಟೋ ಪುಟಗಳು ಸಿಕ್ಕವು. ಗಾಜಿನ ಪ್ಲೇಟು, ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಹೊತ್ತು ಓಡಾಡಿ ತೆಗೆದ ಆ ಚಿತ್ರಗಳಲ್ಲಿ ಕಲ್ಲಿನ ಅಂಚು ಈಗಲೂ ಕೈಗೆ ತಾಗುವಂತಿದೆ. ತೆಗೆದ ಕೈಗಳ ಹೆಸರು ಎಲ್ಲೋ ಒಂದೆರಡು ಕಡೆ ಬಿಟ್ಟರೆ ಓದುಗರ ನೆನಪಿನಲ್ಲಿ ಉಳಿಯಲಿಲ್ಲ.

ಲೆನ್ಸಿನ ಕಥೆ ಬೇರೆ ದಾರಿಯದು. ಬಹುಕಾಲ ಕ್ಯಾಮೆರಾ ಜೊತೆಗೆ ಬರುತ್ತಿದ್ದದ್ದು 50 ಎಂಎಂ ಲೆನ್ಸು. 35 ಎಂಎಂ ಸ್ಟಿಲ್ ಕ್ಯಾಮೆರಾಗೆಂದು ಮಾಡಿದ ಮೊದಲ ಝೂಮು, ಫೋಕ್ಟ್‌ಲೆಂಡರ್ ಝೂಮಾರ್ 36-82 ಎಂಎಂ, ಬಂದದ್ದು 1959ರಲ್ಲಿ. 1963ರ ನಿಕಾನ್ 43-86 ಎಂಎಂ ಲಕ್ಷಾಂತರ ಜನರಿಗೆ ಝೂಮಿನ ರುಚಿ ಹತ್ತಿಸಿತು. ಗೋಡೆಯ ನೇರ ಗೆರೆಗಳನ್ನು ಬಾಗಿಸುವ ಅದರ ದೋಷವೂ ಅಷ್ಟೇ ಹೆಸರಾಯಿತು. ಝೂಮ್ ಎಂದರೆ ಎರಡನೆಯ ದರ್ಜೆ ಎಂಬ ಮಾತಿನ ಬೇರು ಅಲ್ಲಿದೆ. ಅರವತ್ತು ವರ್ಷ ಹಳೆಯ ದೂರನ್ನು ಇವತ್ತಿನ ಲೆನ್ಸಿನ ಮೇಲೂ ಹೊರಿಸುತ್ತಲೇ ಇದ್ದಾರೆ.

ನಮ್ಮ ತಾಲ್ಲೂಕು ಊರುಗಳ ಸ್ಟುಡಿಯೋಗಳಲ್ಲಿ ಬೆಳೆದ ಪೀಳಿಗೆಗೆ ಝೂಮು ಕೈಗೆ ಬಂದದ್ದು ತಡವಾಗಿ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಫಿಲ್ಮು, ಆಮೇಲೆ ಯಾಶಿಕಾ. ಆ ಕ್ಯಾಮೆರಾಗಳಿಗೆಲ್ಲ ಒಂದೇ ಅಳತೆಯ ಲೆನ್ಸು. ಗುಂಪಿನ ಫೋಟೋ ಹಿಡಿಯಬೇಕೆಂದರೆ ಫೋಟೋಗ್ರಾಫರೇ ಹಿಂದಕ್ಕೆ ಹೋಗಬೇಕು, ಚೌಟ್ರಿಯ ಗೋಡೆಗೆ ಬೆನ್ನು ಒತ್ತುವವರೆಗೂ. 1990ರ ದಶಕದ ಮಧ್ಯದಲ್ಲಿ ನಿಕಾನ್ ಎಫ್ಎಂ10 ಬಂತು. ಕೊಸಿನಾ ಕಂಪನಿ ನಿಕಾನ್‌ಗೆ ಮಾಡಿಕೊಟ್ಟ ಈ ಕ್ಯಾಮೆರಾ ಜೊತೆಗಿದ್ದದ್ದು 35-70 ಎಂಎಂ ಎಫ್/3.5-4.8 ಝೂಮು. ಒಂದು ತಲೆಮಾರಿಗೆ ಅದೇ ಪಾಠಶಾಲೆಯಾಯಿತು. 35ಕ್ಕೆ ತಿರುಗಿಸಿದರೆ ಧಾರೆಯ ಮಂಟಪ, 70ಕ್ಕೆ ತಿರುಗಿಸಿದರೆ ಮದುಮಗಳ ಮುಖ. ರೋಲಿನಲ್ಲಿ 36 ಫ್ರೇಮು ಮಾತ್ರ ಇರುತ್ತಿದ್ದುದರಿಂದ ರಿಂಗ್ ತಿರುಗಿಸುವ ಮೊದಲು ತಲೆ ಓಡಿಸಬೇಕಾಗಿತ್ತು.

ಆ ಪೀಳಿಗೆಗೆ ಇನ್ನೊಂದು ಕಡೆಯಿಂದಲೂ ಪಾಠ ಸಿಕ್ಕಿತು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಸಾಮಾನ್ಯ ಜನರನ್ನು ಅವರಿರುವ ಜಾಗದಲ್ಲೇ ಚಿತ್ರದಲ್ಲಿ ಹಿಡಿದರು. ಡಚ್ ವಿದ್ವಾಂಸ ಗೆರಾರ್ಡ್ ಫೂಕೆಮಾ ಹೊಯ್ಸಳ ಗುಡಿಗಳನ್ನು ಊರೂರು ಅಲೆದು ನೋಡಿ 1990ರ ದಶಕದಲ್ಲಿ ತಂದ ಪುಸ್ತಕಗಳಲ್ಲಿ ಹೊಸಹೊಳಲಿನಂಥ ಗುಡಿಗೂ ಬೇಲೂರಿಗೆ ಕೊಟ್ಟಷ್ಟೇ ಗಮನ ಕೊಟ್ಟರು. ಇಬ್ಬರದೂ ಒಂದೇ ದಾರಿ: ಎದುರಿಗಿರುವುದು ಪೂರ್ತಿ ಕಾಣಬೇಕು. ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ಸಿಕ್ಕ ಮನ್ನಣೆಯ ಕಾಲುಭಾಗವೂ ಈ ದಾಖಲೆಯ ದಾರಿಗೆ ಸಿಗಲಿಲ್ಲ. ರಂಗನತಿಟ್ಟು ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ತಾಣವಾಯಿತು. ಅಲ್ಲಿ ದೋಣಿ ಹತ್ತುವವರ ಕೈಯಲ್ಲಿ ಮೊಳದುದ್ದದ ಲೆನ್ಸುಗಳಿರುವುದು ನ್ಯಾಯವೇ; ಕಿಟ್ ಝೂಮಿನ 60 ಎಂಎಂನಲ್ಲಿ ಚಮಚದ ಕೊಕ್ಕಿನ ಹಕ್ಕಿಯ ಕೊಕ್ಕು ಸಿಗುವುದಿಲ್ಲ. ಆದರೆ ನಡುಗಡ್ಡೆ, ಮರ, ಗೂಡು, ಕಾವೇರಿಯ ನೀರಿನ ಮಟ್ಟ ಎಲ್ಲ ಒಟ್ಟಿಗೆ ಕಾಣುವ ಚಿತ್ರಕ್ಕೆ ಸಣ್ಣ ಝೂಮೇ ಬೇಕು. ಪ್ರತಿ ವರ್ಷ ಅದೇ ಜಾಗದಿಂದ ಅಂಥದೊಂದು ತೆಗೆದಿಟ್ಟರೆ ಮುಂದಿನವರಿಗೆ ಅದರ ಬೆಲೆ ಗೊತ್ತಾಗುತ್ತದೆ.

2003ರಲ್ಲಿ ಕ್ಯಾನನ್ 300ಡಿ ಜೊತೆಗೆ 18-55 ಎಂಎಂ ಲೆನ್ಸು ಬಂತು. ಮುಂದಿನ ಹತ್ತು ವರ್ಷ ಈ ಅಳತೆಯ ಪ್ಲಾಸ್ಟಿಕ್ ಝೂಮುಗಳೇ ಊರಿನ ಸ್ಟುಡಿಯೋಗಳನ್ನು ಫಿಲ್ಮಿನಿಂದ ಡಿಜಿಟಲ್ಲಿಗೆ ದಾಟಿಸಿದವು. ಕರಿಜ್ಮಾ ಎಂಬ ಡಿಜಿಟಲ್ ಮದುವೆ ಆಲ್ಬಮ್ಮುಗಳ ಮೊದಲ ಕಂತು ತುಂಬಿದ್ದು ಅವುಗಳಿಂದಲೇ. ಅವುಗಳ ಹಿಂದಿನ ಸೆನ್ಸರು ಚಿಕ್ಕದು, ಐಎಸ್ಒ 1600 ದಾಟಿದರೆ ಚಿತ್ರದ ತುಂಬ ಕಾಳು. ಕಿಟ್ ಲೆನ್ಸಿಗೆ ಅಂಟಿದ ಕೆಟ್ಟ ಹೆಸರಿನಲ್ಲಿ ಅರ್ಧಪಾಲು ಆ ಸೆನ್ಸರಿಗೆ ಸಲ್ಲಬೇಕಾದದ್ದು.

2013ರಲ್ಲಿ ಸೋನಿ ಎ7 ಜೊತೆ 28-70 ಎಂಎಂ ಎಫ್/3.5-5.6 ಬಂದಾಗ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಮೊದಲ ಅಗ್ಗದ ಝೂಮು ಸಿಕ್ಕಿತು. 2018ರಲ್ಲಿ ಕ್ಯಾನನ್, ನಿಕಾನ್ ಕೂಡ ಇದೇ ಕಣಕ್ಕೆ ಇಳಿದವು. 2020 ಮಾತ್ರ ಸುಗ್ಗಿಯ ವರ್ಷ. ಕ್ಯಾನನ್ ಆರ್‌ಎಫ್ 24-105 ಎಫ್/4-7.1, ಪ್ಯಾನಸೋನಿಕ್ ಎಸ್ 20-60 ಎಫ್/3.5-5.6, ನಿಕಾನ್ ಝೆಡ್ 24-50 ಎಫ್/4-6.3, ಸೋನಿ 28-60 ಎಫ್/4-5.6 ಎಲ್ಲವೂ ಅದೇ ವರ್ಷ ಬಂದವು. ಸೋನಿಯದು 167 ಗ್ರಾಂ, ನಿಕಾನ್‌ದು 195 ಗ್ರಾಂ. 2023ರಲ್ಲಿ ಕ್ಯಾನನ್ 24-50 ಎಫ್/4.5-6.3 ಅಮೆರಿಕದಲ್ಲಿ 299 ಡಾಲರಿಗೆ ಬಿಡುಗಡೆಯಾಯಿತು. 2024ರಲ್ಲಿ ಪ್ಯಾನಸೋನಿಕ್ 18-40 ಎಂಎಂ ಬರೀ 155 ಗ್ರಾಮಿಗೆ ಇಳಿಯಿತು.

ಎಫ್/6.3, ಎಫ್/7.1 ಎಂದ ಕೂಡಲೇ ಮೂಗು ಮುರಿಯುವವರು ಒಂದು ವಿಷಯ ತಿಳಿಯಬೇಕು. ಕನ್ನಡಿಯಿದ್ದ ಕ್ಯಾಮೆರಾಗಳಲ್ಲಿ ಆಟೋಫೋಕಸ್‌ಗೆ ಬೇರೆಯೇ ಸೆನ್ಸರ್ ಇರುತ್ತಿತ್ತು. ಸಾಮಾನ್ಯವಾಗಿ ಎಫ್/5.6ರ ಬೆಳಕಾದರೂ ಸಿಗದಿದ್ದರೆ ಅದಕ್ಕೆ ಕಣ್ಣು ಕಾಣುತ್ತಿರಲಿಲ್ಲ. ಹಳೆಯ ಕಿಟ್ ಲೆನ್ಸುಗಳು 5.6 ದಾಟದೆ ನಿಂತದ್ದು ಅದಕ್ಕೆ. ಮಿರರ್‌ಲೆಸ್‌ನಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ನೋಡಿಕೊಳ್ಳುವುದರಿಂದ ಆ ಕಟ್ಟು ಸಡಿಲವಾಯಿತು. ಕನ್ನಡಿ ಹೋದದ್ದರಿಂದ ಲೆನ್ಸಿಗೂ ಸೆನ್ಸರಿಗೂ ನಡುವಿನ ದೂರವೂ ಕುಗ್ಗಿತು: ನಿಕಾನ್‌ನ ಹಳೆಯ ಎಫ್ ಮೌಂಟಿನಲ್ಲಿ 46.5 ಮಿ.ಮೀ. ಇದ್ದದ್ದು ಝೆಡ್ ಮೌಂಟಿನಲ್ಲಿ 16 ಮಿ.ಮೀ. ಅಗಲ ನೋಟದ ಗಾಜುಗಳನ್ನು ಸೆನ್ಸರಿನ ಸಮೀಪಕ್ಕೆ ತಂದು ಲೆನ್ಸನ್ನು ಚಿಕ್ಕದಾಗಿಸಲು ಇದು ದಾರಿ ಮಾಡಿತು. ಉಳಿದ ಡೊಂಕನ್ನು ಕ್ಯಾಮೆರಾದೊಳಗಿನ ಸಾಫ್ಟ್‌ವೇರ್ ನೇರ ಮಾಡುತ್ತದೆ. ಕ್ಯಾನನ್ 24-105ರ ತಿದ್ದದ ಚಿತ್ರವನ್ನು 24 ಎಂಎಂನಲ್ಲಿ ತೆರೆದರೆ ಮೂಲೆಗಳು ಕಪ್ಪಾಗಿಯೇ ಇರುತ್ತವೆ. ಹಿಗ್ಗಿಸಿ ತುಂಬಿದ ಮೂಲೆಯಲ್ಲಿ ಸೂಕ್ಷ್ಮ ವಿವರ ತುಸು ಸೋರುತ್ತದೆ. ಕೊರತೆ ನಿಜ. ಮುಖ್ಯವಾದದ್ದನ್ನು ಮೂಲೆಗೆ ತಳ್ಳದೆ ಇಟ್ಟರೆ ಅದನ್ನು ದಾಟಬಹುದು.

ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಗೆ ಬೆಳಗಿನ ಹೊತ್ತು ಹೋಗಿ ನೋಡಬೇಕು. ಕೆ.ಆರ್. ಪೇಟೆ ಪಟ್ಟಣಕ್ಕೆ ಅಂಟಿದಂತಿರುವ ಊರು, 13ನೇ ಶತಮಾನದ ತ್ರಿಕೂಟ. ಜಗತಿಯ ಮೇಲೆ ಹತ್ತಿ ಗೋಡೆಯ ಪಕ್ಕ ನಿಂತರೆ ಆನೆಗಳ ಸಾಲು, ಕುದುರೆಗಳು, ಬಳ್ಳಿ, ಅದರ ಮೇಲೆ ರಾಮಾಯಣ, ಭಾರತ, ಭಾಗವತದ ಕಥೆಗಳು. ಬಳಪದ ಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಜಾರುವ ಅರ್ಧ ಗಂಟೆಯಲ್ಲಿ ಒಂದೊಂದು ಗೆಜ್ಜೆಯೂ ಎದ್ದು ಕಾಣುತ್ತದೆ. 85 ಎಂಎಂ ಲೆನ್ಸನ್ನು ಎಫ್/1.4ರಲ್ಲಿಟ್ಟು ಹತ್ತಿರದಿಂದ ಹಿಡಿದರೆ ಆನೆಯ ದಂತ ಸ್ಪಷ್ಟ, ಕಿವಿ ಮಸುಕು. ಅದೇ ಗೋಡೆಯಿಂದ ಒಂದೂವರೆ ಮೀಟರ್ ದೂರ ನಿಂತು, ಕಿಟ್ ಝೂಮನ್ನು 50 ಎಂಎಂ, ಎಫ್/8ಕ್ಕಿಟ್ಟು ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಹಿಡಿದರೆ ಒಂದು ಮೀಟರಿಗಿಂತ ತುಸು ಹೆಚ್ಚು ಅಗಲದ ಪಟ್ಟಿಕೆ ಪೂರ್ತಿ ಸಿಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು. ಎಫ್/8ರಲ್ಲಿ ಅಗ್ಗದ ಗಾಜಿಗೂ ದುಬಾರಿ ಗಾಜಿಗೂ ಇರುವ ಅಂತರ ಬಹಳಷ್ಟು ಕಡಿಮೆಯಾಗುತ್ತದೆ.

ಒಳಗಿನ ನವರಂಗದಲ್ಲಿ ಕತ್ತಲು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಸೋನಿ ಎ7ಸಿ, ನಿಕಾನ್ ಝೆಡ್5ರಂಥ ಕ್ಯಾಮೆರಾಗಳ ಬಾಡಿಯೊಳಗೇ ಕೈನಡುಕ ತಡೆಯುವ ವ್ಯವಸ್ಥೆಯಿದೆ. ಅದಿಲ್ಲದ ಕ್ಯಾನನ್ ಆರ್8ಗೆ ಆ ಶಕ್ತಿಯನ್ನು 24-50 ಲೆನ್ಸಿನಲ್ಲೇ ಇಟ್ಟಿದ್ದಾರೆ. ಉಸಿರು ಬಿಗಿಹಿಡಿದರೆ ಸೆಕೆಂಡಿನ ಕಾಲುಭಾಗದಲ್ಲೂ 24 ಎಂಎಂ ಚಿತ್ರ ನಿಲ್ಲುತ್ತದೆ. ಚಾವಣಿಯ ಕೆತ್ತನೆ ಭುವನೇಶ್ವರಿಗೆ ಇನ್ನೂ ಸುಲಭದ ದಾರಿಯಿದೆ: ಮೆತ್ತನೆಯ ಬಟ್ಟೆ ಹಾಸಿ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಎರಡು ಸೆಕೆಂಡಿನ ಟೈಮರ್ ಒತ್ತಿ ಪಕ್ಕಕ್ಕೆ ಸರಿದರೆ ಸಾಕು.

ಯಾವ ಕಿಟ್ ಝೂಮು ಎಂಬ ಪ್ರಶ್ನೆಗೆ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಉತ್ತರ ಹೇಳುತ್ತದೆ. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿರುವ ಅಪರೂಪದ ಹೊಯ್ಸಳ ಗುಡಿ. ಹತ್ತು ಮೀಟರ್ ದೂರದಿಂದ 28 ಎಂಎಂಗೆ ಹೆಚ್ಚುಕಡಿಮೆ 13 ಮೀಟರ್ ಅಗಲ ಸಿಕ್ಕರೆ, 24ಕ್ಕೆ 15, 20ಕ್ಕೆ 18 ಮೀಟರ್ ಸಿಗುತ್ತದೆ. ಈ ಸೀಮೆಯ ಕೆಲಸಕ್ಕೆ ಸೋನಿಯ 28-60 ಹಗುರವಾದರೂ ಇಕ್ಕಟ್ಟು. ಪ್ಯಾನಸೋನಿಕ್‌ನ 20-60 ಇವುಗಳಲ್ಲೆಲ್ಲ ಹೆಚ್ಚು ಉಪಯೋಗದ್ದು. ಧೂಳು, ಹನಿಗೆ ತಡೆಯಿರುವುದರಿಂದ ಹೇಮಗಿರಿಯ ದನಗಳ ಜಾತ್ರೆಯಲ್ಲೂ ನಡೆಯುತ್ತದೆ.

ಪಾಂಡವಪುರದ ಕಡೆಯ ಆಲೆಮನೆಯಲ್ಲಿ ಮಾತ್ರ ಯಾವ ಲೆನ್ಸಿಗೂ ವಿನಾಯಿತಿಯಿಲ್ಲ. ಕೊಪ್ಪರಿಗೆಯಿಂದ ಏಳುವ ಹಬೆ ಮುಂದಿನ ಗಾಜಿನ ಮೇಲೆ ಕೂತು ಹಾಲಿನ ಕೆನೆಯಂತೆ ಕಟ್ಟುತ್ತದೆ. ಚಳಿಯಲ್ಲಿದ್ದ ಕ್ಯಾಮೆರಾವನ್ನು ಚೀಲದಲ್ಲೇ ಹದಿನೈದು ನಿಮಿಷ ಒಲೆಯ ಮನೆಯೊಳಗೆ ಇಟ್ಟು ಬೆಚ್ಚಗಾದ ಮೇಲೆ ತೆಗೆಯುವುದು ಹಳಬರ ಪದ್ಧತಿ. ಪಾಕ ಹದಕ್ಕೆ ಬಂದು ಅಚ್ಚಿಗೆ ಬೀಳುವ ಹೊತ್ತಿಗೆ ಆಚೆ ನಿಂತು ಲೆನ್ಸು ಬದಲಿಸುವ ಸಮಯ ಇರುವುದಿಲ್ಲ. ಝೂಮ್ ಇದ್ದವರಿಗೆ ಕೊಪ್ಪರಿಗೆಯೂ ಸಿಗುತ್ತದೆ, ಪಾಕ ಎತ್ತುವ ಕೈಯೂ ಸಿಗುತ್ತದೆ.

ದೋಷಗಳನ್ನು ಮುಚ್ಚಿಡುವುದು ಬೇಡ. ಮಡಚುವ ಲೆನ್ಸುಗಳನ್ನು ತಿರುಗಿಸಿ ಹೊರಗೆಳೆಯದಿದ್ದರೆ ಕ್ಯಾಮೆರಾ ಚಿತ್ರವನ್ನೇ ತೆಗೆಯುವುದಿಲ್ಲ, ಪರದೆಯ ಮೇಲೆ ಸೂಚನೆ ಬರುತ್ತದೆ. ಗಟ್ಟಿಮೇಳ ಮೊಳಗಿದಾಗ ಲೆನ್ಸು ಮಡಚಿಯೇ ಇದ್ದು, ತಾಳಿ ಕಟ್ಟುವ ಗಳಿಗೆ ಕೈತಪ್ಪಿ ಹೋದ ಪ್ರಸಂಗಗಳಿವೆ. ಮೇಲುಕೋಟೆಯ ವೈರಮುಡಿ ಉತ್ಸವ ರಾತ್ರಿಯದು, ಎಫ್/5.6ರಲ್ಲಿ ಐಎಸ್ಒ 6400 ದಾಟಲೇಬೇಕು. ಇವತ್ತಿನ ಫುಲ್ ಫ್ರೇಮ್ ಸೆನ್ಸರು ಅದನ್ನು ತಾಳಿಕೊಳ್ಳುತ್ತದೆ. ಅಲುಗುವ ಜನಸಾಗರ ಮಸುಕಾಗುವುದನ್ನು ಮಾತ್ರ ತಡೆಯಲಾಗದು. ಆ ಒಂದು ರಾತ್ರಿಗೆ ಬೆಳಕಿನ ಲೆನ್ಸು ಬಾಡಿಗೆಗೆ ತರುವುದೇ ಸರಿ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕ್ಯಾಮೆರಾಗಳು ಮತ್ತೆ ಅಲ್ಲಿಗೇ ಹೊರಳಿವೆ. 1171ರಲ್ಲಿ ಕಟ್ಟಿದ ಕಿಕ್ಕೇರಿಯ ಬ್ರಹ್ಮೇಶ್ವರ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ, ತೊಣ್ಣೂರಿನ ಗುಡಿಗಳು ಹಳೆಯ ವರದಿಗಳ ಕಪ್ಪುಬಿಳುಪು ಪುಟಗಳಲ್ಲಿ ಹೇಗೆ ಕಂಡವೋ, ಅದೇ ಜಾಗದಲ್ಲಿ ನಿಂತು ಅವನ್ನು ಮತ್ತೆ ತೆಗೆಯುವ ಕೆಲಸ ಬಾಕಿಯಿದೆ. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ 6ನೇ ಸಂಪುಟ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳದು, 7ನೇ ಸಂಪುಟದಲ್ಲಿ ನಾಗಮಂಗಲವಿದೆ. ಅವೆರಡನ್ನು ಕೈಯಲ್ಲಿ ಹಿಡಿದು ಹೊರಟರೆ ಯಾವ ಊರಿನ ಯಾವ ಕಲ್ಲು ಎಂಬ ಪಟ್ಟಿ ಸಿದ್ಧವಾಗಿಯೇ ಇದೆ. ಬೆಂಗಳೂರಿನ ಶಾಸನಗಳನ್ನು ಮಿಥಿಕ್ ಸೊಸೈಟಿ ಮೂರು ಆಯಾಮದ ಸ್ಕ್ಯಾನರಿನಲ್ಲಿ ಉಳಿಸುತ್ತಿದೆ. ಆ ಯಂತ್ರ ಕೈಗೆಟುಕದವರು ಝೂಮ್ ರಿಂಗನ್ನು 35 ಎಂಎಂನಲ್ಲಿ ಟೇಪ್ ಹಚ್ಚಿ ಅಲುಗದಂತೆ ಮಾಡಿ, ವೀರಗಲ್ಲಿನ ಸುತ್ತ ಹೆಜ್ಜೆಹೆಜ್ಜೆಗೂ ಒಂದರ ಮೇಲೊಂದು ಹಾಯುವಂತೆ ಅರವತ್ತು ಎಪ್ಪತ್ತು ಚಿತ್ರ ತೆಗೆದರೆ, ಕಂಪ್ಯೂಟರಿನಲ್ಲಿ ಆ ಕಲ್ಲಿನ ಮೂರು ಆಯಾಮದ ರೂಪ ಕಟ್ಟಬಹುದು.

ಇನ್ನೊಂದು ಕೆಲಸಕ್ಕೆ ಕಾಲ ಹೆಚ್ಚು ಉಳಿದಿಲ್ಲ. ಮುಚ್ಚಿದ ಸ್ಟುಡಿಯೋಗಳ ನೆಗೆಟಿವ್‌ಗಳು ಅಟ್ಟದ ಮೇಲೆ ಗೋಣಿಚೀಲಗಳಲ್ಲಿ ಅಂಟಿಕೊಳ್ಳುತ್ತಿವೆ. ಬಣ್ಣ ಬಳಿದ ಪರದೆಯ ಮುಂದೆ ನಿಂತ ಹೊಸ ಜೋಡಿ, ಮೊದಲ ಬಾರಿ ಪ್ಯಾಂಟು ತೊಟ್ಟ ಹುಡುಗ, ಅರ್ಜಿಗೆಂದು ತೆಗೆಸಿದ ರೈತನ ಮುಖ ಎಲ್ಲ ಅಲ್ಲಿವೆ. ಪ್ಯಾನಸೋನಿಕ್ 20-60 ಲೆನ್ಸು 26 ಎಂಎಂನಲ್ಲಿ, ಸೆನ್ಸರಿನಿಂದ 15 ಸೆಂ.ಮೀ. ದೂರಕ್ಕೆ ಫೋಕಸ್ ಆಗುತ್ತದೆ; ಆಗ ವಸ್ತುವಿನ 0.43ರಷ್ಟು ಬಿಂಬ ಸೆನ್ಸರಿನ ಮೇಲೆ ಮೂಡುತ್ತದೆ. 24 ಮಿ.ಮೀ. ಎತ್ತರದ ಸೆನ್ಸರಿಗೆ ಆ ಅಳತೆಯಲ್ಲಿ 56 ಮಿ.ಮೀ. ಎತ್ತರದ ವಸ್ತು ಹಿಡಿಸುತ್ತದೆ. 120 ರೋಲಿನ ಚೌಕ ನೆಗೆಟಿವ್‌ನ ಅಳತೆಯೂ 56 ಮಿ.ಮೀ. ಕೆಳಗೊಂದು ಬಿಳಿ ಎಲ್ಇಡಿ ಹಲಗೆ, ಮೇಲೆ ಎರಡು ಗಾಜಿನ ನಡುವೆ ಒರೆಸಿಟ್ಟ ನೆಗೆಟಿವ್, ಅದರ ಮೇಲೆ ಮುಖ ಕೆಳಗೆ ಮಾಡಿ ನಿಲ್ಲಿಸಿದ ಕ್ಯಾಮೆರಾ. ಲೆನ್ಸಿನ ಮೂತಿಗೂ ಗಾಜಿಗೂ ನಡುವೆ ನಾಲ್ಕು ಬೆರಳಿನಷ್ಟೂ ಜಾಗವಿಲ್ಲ. ಕೋಣೆಯ ದೀಪ ಆರಿಸಿ ಟೈಮರ್ ಒತ್ತಿದರೆ, ಪರದೆಯ ಮೇಲೆ ಬಿಳಿಯ ತಲೆಗೂದಲು, ಕಪ್ಪು ಹಲ್ಲಿನ ಮುಖವೊಂದು ಮೂಡುತ್ತದೆ. ಬಣ್ಣ ತಿರುಗಿಸಿದಾಗ ಅದು ಇಪ್ಪತ್ತರ ಹರೆಯದ ಹೆಣ್ಣುಮಗಳು, ಕೊರಳಲ್ಲಿ ಹೊಸ ತಾಳಿ.